ಲೇಬಲ್ ಅಂಟಿಸಿದ್ದು ಯಾರು?

(ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದದ್ದು. ಇವರಲ್ಲಿ ಯಾರ ಹತ್ತಿರವೂ ಈಗ ಸಿಡಿ ಹಾಕುವ ಕಾರಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ.)

ದೊಡ್ಡಪ್ಪ: ಎಚ್ಚರಿಕೆ!! ಮನೆಯ ಕಂಪ್ಯೂಟರಿನಲ್ಲಿ ಹಾಡು ತುಂಬಿಸಿ ಬರ್ನ್ ಮಾಡಿದ ಸಿಡಿ ಕಾರಿನಲ್ಲಿ ಹಾಕಬೇಡಿ. ಲೇಸರ್ ಲೆನ್ಸ್ ಸುಟ್ಟು ಹೋಗುತ್ತದೆ. ಬಿಸಿಲಿಗೆ ಸಿಡಿ ಸಿಡಿಯುತ್ತದೆ!! ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ನಾನು ಅವತ್ತೇ ಹೇಳಿದ್ದೆ. ಯಾರು ಕೇಳಿದಿರಿ?

ರವಿ: ದೊಡ್ಡಪ್ಪ, ಇದನ್ನ ಬರೆದವರು ಯಾರು?

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ರಿಟೈರ್ಡ್ ಇಂಜಿನಿಯರ್ ಕಳಿಸಿದ್ದು.

ರವಿ: ಯಾವ ಇಂಜಿನಿಯರ್? ರಸ್ತೆದಾ, ನೀರಿಂದಾ?

ರವಿ: ಲೆನ್ಸ್ ಸುಡುವುದಿಲ್ಲ. ಲೇಸರ್ ಇರೋದು ಪ್ಲೇಯರ್ ಒಳಗೆ, ಡಿಸ್ಕ್ ಆ ಬೆಳಕನ್ನ ವಾಪಸ್ ಕಳಿಸುತ್ತೆ ಅಷ್ಟೆ. ಅಂಗಡಿ ಸಿಡಿಗಿಂತ ಬರ್ನ್ ಮಾಡಿದ್ದು ಸ್ವಲ್ಪ ಕಮ್ಮಿ ಕಳಿಸುತ್ತೆ, ಅಳಿಸಿ ಮತ್ತೆ ಬರೆಯೋ ಆರ್‌ಡಬ್ಲ್ಯೂ ಸಿಡಿ ಆದರೆ ತೀರಾ ಕಮ್ಮಿ, ಅದಕ್ಕೇ ಹಳೇ ಸ್ಟೀರಿಯೊ ಎರರ್ ತೋರಿಸುತ್ತಿತ್ತು. ಬರ್ನ್ ಆದ ಮೇಲೆ ಡಿಸ್ಕನ್ನ ಫೈನಲೈಸ್ ಮಾಡೋದು, ಅಂದರೆ ಮುಗಿಸಿ ಮುಚ್ಚೋದು, ಮರೆತರೂ ಅದೇ ಗತಿ. ಇನ್ನು ಸಿಡಿಯೋದು. ತುಂಬಾ ಜೋರಾಗಿ ತಿರುಗಿಸೋ ಕಂಪ್ಯೂಟರಿನ 52ಎಕ್ಸ್ ಡ್ರೈವ್‌ನಲ್ಲಿ ಬಿರುಕು ಬಿಟ್ಟ ಡಿಸ್ಕ್ ಚೂರಾಗಿದ್ದುಂಟು. ಕಾರಲ್ಲಿ ಆಡಿಯೊ ಸಿಡಿ ತಿರುಗೋದು ನಿಮಿಷಕ್ಕೆ ಸುಮಾರು 200ರಿಂದ 500 ಸುತ್ತು, ಅಷ್ಟು ನಿಧಾನಕ್ಕೆ ಚೂರಾಗಲ್ಲ. ಬಿಸಿಲಲ್ಲಿ ಬಿಟ್ಟರೆ ಡಿಸ್ಕ್ ಒಳಗಿನ ಬಣ್ಣದ ಪದರ ಮಾಸಿ ಹಾಡು ಎಗರಬಹುದು, ಬಾಂಬ್ ಅಲ್ಲ.

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರಪ್ಪ. ದೊಡ್ಡವರು ಒಂದು ಮಾತು ಹೇಳಿದರೆ ಹೂಂ ಅನ್ನೋದು ಕಲಿಯಿರಿ ಮೊದಲು.

(ಇದಕ್ಕೆ ಇಬ್ಬರು ಕೈಮುಗಿದರು. ಯಾರ ಮಾತಿಗೆ ಅಂತ ಗೊತ್ತಾಗಲಿಲ್ಲ.)

ಮಂಜ: ಬೆಂಗಳೂರಿನ ಎಸ್‌ಪಿ ರೋಡಿಂದ 50 ಸಿಡಿಯ ಡಬ್ಬಿ ತರುತ್ತಿದ್ದೆವು, ನೆನಪಿದೆಯಾ? ಆಡಿಯೊ ಸಿಡಿ ಮಾಡಿದರೆ 80 ನಿಮಿಷಕ್ಕೆ ಮುಗೀತು, ಎಂಪಿ3 ಹಾಕಿದರೆ ಅದೇ 700 ಎಂಬಿಯಲ್ಲಿ ನೂರೈವತ್ತು ಹಾಡು! ಬರ್ನ್ ಆಗುವಾಗ ಮೌಸ್ ಮುಟ್ಟಬಾರದು ಅಂತ ರವಿಯಣ್ಣ ಎಲ್ಲರನ್ನೂ ರೂಮಿಂದ ಓಡಿಸುತ್ತಿದ್ದ.

ಪುಟ್ಟಿ: ನೂರೈವತ್ತರಲ್ಲಿ ನಾನು ಕೇಳಿದ್ದು ಒಂದೂ ಇರುತ್ತಿರಲಿಲ್ಲ.

ರವಿ: ಈಗ ಅದ್ಯಾಕೆ?

ಪುಟ್ಟಿ: ಸುಮ್ನೆ ಹೇಳಿದೆ.

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ಶಿರಾಡಿ ಘಾಟಿಯಲ್ಲಿ ಸ್ಟೀರಿಯೊ ಕೆಟ್ಟಿದ್ದು ರವಿ ಮಾಡಿದ ಸಿಡಿಯಿಂದ.

ರವಿ: ಸಿಡಿಯಿಂದ ಅಲ್ಲ, ಲೇಬಲ್‌ನಿಂದ! ಆ ಪ್ಲೇಯರ್‌ಗೆ ಟ್ರೇ ಇರಲಿಲ್ಲ, ಸಂದಿಯಲ್ಲಿ ತೂರಿಸಬೇಕಿತ್ತು. ಕಾಗದ ಅಂಟಿಸಿದರೆ ಕಾರಿನ ಬಿಸಿಗೆ ಅಂಟು ಬಿಟ್ಟು ಅಂಚು ಏಳುತ್ತೆ, ರೋಲರ್‌ಗೆ ಸಿಕ್ಕಿಕೊಳ್ಳುತ್ತೆ. ‘ಭಕ್ತಿಗೀತೆ’ ಅಂತ ದುಂಡಗೆ ಬರೆದು ಅಂಟಿಸಿದ್ದು ಯಾರು ದೊಡ್ಡಪ್ಪ?

ದೊಡ್ಡಪ್ಪ: ಅಂಟಿಸದಿದ್ದರೆ ಯಾವುದು ಯಾವ ಸಿಡಿ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೂ ಮುಂಚೆ ಕುಕ್ಕೆಗೆ ಹೋಗುವಾಗ ಬೀಗರ ಮುಂದೆ ನಿಮ್ಮ ಡಿಸ್ಕೊ ಶುರುವಾಯಿತು. ಮಾನ ಹೋಗಿದ್ದು ನನ್ನದು.

ಮಂಜ: ಅಯ್ಯೋ ಆ ಸಿಡಿ!! ಇನ್ನೂ ಇದೆ ನನ್ನ ಹತ್ತಿರ.

ಚಿಕ್ಕಪ್ಪ: ಬರ್ನ್ ಮಾಡಿದ್ದು ಯಾರೋ, ಅಂಟಿಸಿದ್ದು ಯಾರೋ. ಕಾರು ನನ್ನದು. ರಿಪೇರಿಗೆ ದುಡ್ಡು ಕೊಟ್ಟವನು ನಾನು, ಇವತ್ತಿನವರೆಗೆ ಒಬ್ಬರೂ ಎಷ್ಟಾಯಿತು ಅಂತ ಕೇಳಿಲ್ಲ.

ಚಿಕ್ಕಮ್ಮ: ನೀವಲ್ಲ ಕೊಟ್ಟಿದ್ದು. ಅದು ನನ್ನ ಚೀಟಿ ದುಡ್ಡು.