ಪಲ್ಟನ್ನೂ ಬೇಕು, ಹಾಕಿಯೂ ಬೇಕು: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪತ್ರ: ನಾನು ಕೊಡಗಿನವನು, ವಯಸ್ಸು 25. ಸೇನೆ ಸೇರಿ ಏಳು ವರ್ಷವಾಯಿತು. ಸೇನಾಪಡೆಗಳ ಸರ್ವಿಸಸ್ ತಂಡಕ್ಕೆ ಹಾಕಿ ಆಡುತ್ತೇನೆ. ಈಗ ಭಾರತ ತಂಡದ ಕ್ಯಾಂಪಿಗೆ ಕರೆ ಬಂದಿದೆ. ಅದೇ ಹೊತ್ತಿಗೆ ಕೇಡರ್, ಅಂದರೆ ಬಡ್ತಿಗೆ ಬೇಕಾದ ತರಬೇತಿ ಇದೆ. ಹಿಂದೊಮ್ಮೆ ಟೂರ್ನಿಗೆ ಹೋಗಿ ಕೇಡರ್ ತಪ್ಪಿತ್ತು. ನನ್ನ ಜೊತೆ ಸೇರಿದವರು ಆಗಲೇ ಬಡ್ತಿ ಪಡೆದು ನಾಯಕ್ ದರ್ಜೆಗೆ ಏರಿದ್ದಾರೆ. ಅವರು ಗಡಿಯಲ್ಲಿ ಹಿಮದಲ್ಲಿ ನಿಂತಿರುವಾಗ ನಾನು ಸ್ಟಿಕ್ ಹಿಡಿದು ಓಡಾಡುತ್ತಿದ್ದೇನೆ ಅನ್ನುವ ಸಂಕೋಚ ಬೇರೆ. ಸೇನೆ ಬಿಟ್ಟು ಆಟಗಾರರಿಗೆ ಕೆಲಸ ಕೊಡುವ ಬೇರೆ ಕಡೆ ಸೇರಿಕೊಳ್ಳಲೇ?

ತಮ್ಮಾ, ಮೊದಲು ಆ ಸಂಕೋಚ ಬಿಡು. ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 28 ವರ್ಷ ಇದ್ದವನು. ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ನಮ್ಮ ರೆಜಿಮೆಂಟಿನವರೇ. 1956, 1960, 1964, ಮೂರು ಒಲಿಂಪಿಕ್ಸ್ ಆಡಿದರು. ಎರಡು ಚಿನ್ನ, ಒಂದು ಬೆಳ್ಳಿ. 1964ರ ಟೋಕಿಯೋ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಒಂದು ಗೋಲೂ ಬಿಡಲಿಲ್ಲ, ನಾವು 1-0ಯಿಂದ ಗೆದ್ದೆವು. ನಾನು ಸೇರಿದಾಗ ಹಳಬರು ಅವರ ಹೆಸರನ್ನು ಎದೆ ಉಬ್ಬಿಸಿ ಹೇಳುತ್ತಿದ್ದರು. ಬರೀ ಆಟ ಆಡಿಕೊಂಡಿದ್ದ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಹರಿಪಾಲ್ ಕೌಶಿಕ್ ಅವರ ಬಗ್ಗೆ ಕೇಳಿದ್ದೀಯಾ? ಸಿಖ್ ರೆಜಿಮೆಂಟಿನ ಅಧಿಕಾರಿ. 1956ರಲ್ಲಿ ಹಾಕಿ ಚಿನ್ನ. 1962ರಲ್ಲಿ ತವಾಂಗ್ ಕಡೆ ಚೀನೀಯರ ವಿರುದ್ಧ ಹೋರಾಡಿ ವೀರಚಕ್ರ. 1964ರಲ್ಲಿ ಮತ್ತೆ ಹಾಕಿ ಚಿನ್ನ. ಸ್ಟಿಕ್ ಹಿಡಿದ ಕೈಯೇ ಬಂದೂಕನ್ನೂ ಹಿಡಿಯಿತು, ಮತ್ತೆ ಸ್ಟಿಕ್ ಹಿಡಿಯಿತು. ನಿನಗೂ ನಿನ್ನ ಸರದಿ ಬರುತ್ತದೆ.

ಆದರೆ ಕೇಡರ್ ಮಾತ್ರ ಬಿಟ್ಟುಕೊಡಬೇಡ. ಲಕ್ಷ್ಮಣ್ ಸಾಹೇಬರು 1979ರಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದರು. ಆದರೂ 2006ರಲ್ಲಿ ಮಧ್ಯಪ್ರದೇಶದ ಮ್ಹೋದಲ್ಲಿ ಕಾಲಿಗೆ ಗ್ಯಾಂಗ್ರೀನ್ ಆಗಿ ತೀರಿಕೊಂಡಾಗ ಕೈಯಲ್ಲಿ ದುಡ್ಡಿರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ. ಕ್ಯಾಪ್ಟನ್ ಆದವರಿಗೇ ಹೀಗಾದರೆ, ಬಡ್ತಿ ಇಲ್ಲದವರ ಗತಿ ಏನು? ಚಪ್ಪಾಳೆ ನಿಂತ ಮೇಲೆ ಕೈಗೆ ಬರುವುದು ರ‍್ಯಾಂಕಿನ ಮೇಲಿನ ಪಿಂಚಣಿ, ತಮ್ಮಾ. ಕ್ಯಾಂಪಿನ ಪತ್ರ ಲಗತ್ತಿಸಿ, ಮುಂದಿನ ಬ್ಯಾಚಿನ ಕೇಡರ್‌ಗೆ ಹೆಸರು ಹಾಕಿ ಅಂತ ಈಗಲೇ ಅರ್ಜಿ ಕೊಡು. ಪಲ್ಟನ್ನಿನ ಮುಖ್ಯಸ್ಥರಾದ ಸಿಓ ಸಾಹೇಬರನ್ನು ನೇರ ಕಂಡು ಮಾತಾಡು. ಬಾಯಿಮಾತಿಗೆ ಬಿಟ್ಟರೆ, ಸಾಹೇಬರು ವರ್ಗವಾದ ದಿನ ಆ ಮಾತೂ ಹೋಗುತ್ತದೆ.
– ನಿವೃತ್ತ ಸುಬೇದಾರ್, ಬೆಳಗಾವಿ

ನಮ್ಮ ಕೊಡಗಿನ ಹುಡುಗ ಹೀಗೆ ಕೇಳುವುದೇ? ನಮ್ಮವರೇ ಆದ ಎಂ. ಪಿ. ಗಣೇಶ್ ಸರ್ವಿಸಸ್‌ಗೆ ಹಾಕಿ ಆಡುತ್ತಲೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಮರುವರ್ಷ ವಿಶ್ವಕಪ್‌ನಲ್ಲಿ ಅವರೇ ನಾಯಕ, ಬೆಳ್ಳಿ ಬಂತು. ಹೋಗು ಮಗಾ, ಕ್ಯಾಂಪಿಗೆ ಹೋಗು.
– ಹಿರಿಯ ಓದುಗ, ನಾಪೋಕ್ಲು

ನಾನು ರೈಲ್ವೆಗೆ ವಾಲಿಬಾಲ್ ಆಡಿದವನು. ಬೇರೆ ಕಡೆ ಆರಾಮ ಅಂತ ತಿಳಿದಿದ್ದರೆ, ಹಾಗೇನಿಲ್ಲ. ನಮಗೂ ಡ್ಯೂಟಿ, ಮೇಲಧಿಕಾರಿ, ರಜೆಯ ಜಗಳ ಎಲ್ಲ ಇತ್ತು. ಸೇನೆಯಲ್ಲಿ ಜವಾನರಿಗೆ ಪಿಂಚಣಿ ಸಿಗಲು 15 ವರ್ಷ ಆಗಬೇಕು. ನಿಮ್ಮದು ಏಳು ಆಗಿದೆ. ಈಗ ಬಿಟ್ಟರೆ ಆ ಏಳು ಸುಮ್ನೆ ಹೋಗುತ್ತದೆ, ಅಲ್ವಾ?

ಕ್ಯಾಂಪ್ ಮಾತ್ರ ತಪ್ಪಿಸಬೇಡಿ. ಒಬ್ಬನೇ ಓಡುವವನು ಯೂನಿಟ್ ಮೈದಾನದಲ್ಲೂ ತಯಾರಾಗಬಹುದು. ಹಾಕಿಯಲ್ಲಿ ಪಕ್ಕದವನು ಯಾವ ಕಡೆ ಓಡುತ್ತಾನೆ ಅಂತ ನೋಡದೆಯೇ ಗೊತ್ತಾಗಬೇಕು. ಅದು ತಿಂಗಳುಗಟ್ಟಲೆ ಒಟ್ಟಿಗೆ ಆಡಿದರಷ್ಟೇ ಬರುತ್ತದೆ. ನೀವು ಹೋಗದಿದ್ದರೆ ಆ ಜಾಗದಲ್ಲಿ ಇನ್ನೊಬ್ಬ ಹುಡುಗ ಕೂಡಿಕೊಳ್ಳುತ್ತಾನೆ. ಆಮೇಲೆ ಅವನನ್ನು ಕದಲಿಸುವುದು ಬಹಳ ಕಷ್ಟ. ಕೇಡರ್ ಮತ್ತೆ ಬರುತ್ತದೆ, 25ನೇ ವಯಸ್ಸು ಬರುವುದಿಲ್ಲ.
– ಓದುಗ, ಹುಬ್ಬಳ್ಳಿ

ನನ್ನ ಗಂಡ ಸೇನೆಯಲ್ಲಿದ್ದುಕೊಂಡು ಕಬಡ್ಡಿ ಆಡುತ್ತಿದ್ದರು. ಆದ್ದರಿಂದ ಯಾರೂ ಹೇಳದ ಒಂದು ಮಾತು ಹೇಳುತ್ತೇನೆ ತಮ್ಮ. ಕ್ಯಾಂಪಿನಲ್ಲಾಗಲಿ ಮ್ಯಾಚಿನಲ್ಲಾಗಲಿ ಪೆಟ್ಟು ಬಿದ್ದರೆ ಅವತ್ತೇ ಇಂಜುರಿ ರಿಪೋರ್ಟ್ ಮಾಡಿಸಿ, ಒಂದು ಪ್ರತಿ ಮನೆಗೆ ಕಳಿಸಿ. ಸೇನೆಯ ಅನುಮತಿಯಿಂದ ಆಡುವ ಆಟ ಡ್ಯೂಟಿಯ ಲೆಕ್ಕಕ್ಕೇ ಬರುತ್ತದೆ. ಆದರೆ ಕಾಗದವಿಲ್ಲದೆ ಅದನ್ನು ತೋರಿಸುವುದು ಹೇಗೆ? ನಮ್ಮವರಿಗೆ 29ರಲ್ಲಿ ಮಂಡಿ ಹೋಯಿತು. ಫೈನಲ್ ಇತ್ತು, ನೋವು ನುಂಗಿ ಆಡಿದರು, ಯಾರಿಗೂ ಹೇಳಲಿಲ್ಲ. ಪೂರ್ತಿ ಫಿಟ್ ಇಲ್ಲ ಅಂತ ಲೋ ಮೆಡಿಕಲ್ ಕೆಟಗರಿಗೆ ಹಾಕಿದರು, ಬಡ್ತಿ ಅಲ್ಲಿಗೇ ನಿಂತಿತು. ಮೆಡಲ್, ಫೋಟೋ, ಪೇಪರ್ ಕಟಿಂಗ್ ಎಲ್ಲ ಜೋಪಾನವಾಗಿವೆ. ಆ ಒಂದು ಹಾಳೆ ಮಾತ್ರ ನಮ್ಮ ಹತ್ತಿರ ಇಲ್ಲ. ಹನ್ನೊಂದು ವರ್ಷದಿಂದ ಅದಕ್ಕೇ ಓಡಾಡುತ್ತಿದ್ದೇವೆ.
– ಓದುಗಳು, ಅರಸೀಕೆರೆ