ಮೂರೇ ಪಂದ್ಯಗಳಿಗೆ ಮುಗಿದ ಋತು: ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಬಗ್ಗೆ ಒಂದು ಚರ್ಚೆ

ಹಳೆಯ ವಿದ್ಯಾರ್ಥಿ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಈ ವರ್ಷದ ಅಂತರಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ 1–0ರಿಂದ ಸೋತು ಹೊರಬಿದ್ದಿದೆ. ಆ ಒಂದು ಗೋಲಿನ ಹೊಣೆಯನ್ನೆಲ್ಲ ಗೋಲ್‌ಕೀಪರ್ ತಲೆಗೆ ಕಟ್ಟುತ್ತಿರುವುದನ್ನು ಕಂಡು ಮನಸ್ಸಿಗೆ ನೋವಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಆಗ ಗೋಲಿನ ಹಿಂದೆಯೇ ನಿಂತಿದ್ದೆ. ಪಂದ್ಯ ಮುಗಿಯಲು ಹತ್ತು ನಿಮಿಷವಿದ್ದಾಗ ನಮ್ಮ ಡಿಫೆಂಡರ್ ಎದುರಾಳಿಯ ಒತ್ತಡ ತಾಳಲಾರದೆ ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. ಒಣಗಿ ಬಿರುಕುಬಿಟ್ಟ ಎರೆಮಣ್ಣಿನ ನೆಲದ ಮೇಲೆ ಅದು ಎರಡು ಸಲ ಪುಟಿದು ಮೊಣಕಾಲೆತ್ತರಕ್ಕೆ ಬಂದಾಗ ಗೋಲ್‌ಕೀಪರ್ ಎರಡೂ ಕೈಗಳಿಂದ ಹಿಡಿದು ಎದೆಗೆ ಅವಚಿಕೊಂಡ. ರೆಫರಿ ಸೀಟಿ ಊದಿದಾಗಲೂ ತಪ್ಪೇನೆಂದು ಅವನಿಗೆ ತಿಳಿಯಲಿಲ್ಲ. ತನ್ನದೇ ತಂಡದ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂಬ ನಿಯಮ 1992ರಿಂದ ಇದೆ. ಎದುರಾಳಿಗೆ ಪರೋಕ್ಷ ಫ್ರೀ ಕಿಕ್ ಸಿಕ್ಕಿತು, ಗೋಲೂ ಆಯಿತು. ಆದರೆ ಆ ಹುಡುಗ ಆಗಸ್ಟ್‌ವರೆಗೆ ವಾಲಿಬಾಲ್ ಆಡುತ್ತಿದ್ದವನು, ಮತ್ತು ಅದು ಅವನು ಆಡಿದ ಮೂರನೆಯ ಪಂದ್ಯ. ಇಡೀ ವರ್ಷಕ್ಕೆ ಮೂರೇ ಪಂದ್ಯ ಆಡಿಸಿ ತಂಡವನ್ನು ಅಳೆಯುವುದು ಯಾವ ನ್ಯಾಯ?

ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ನಿಮ್ಮ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಕಾರಣವನ್ನು ಒಪ್ಪುವುದಿಲ್ಲ. ಈ ನಿಯಮವನ್ನು ಕಲಿಸಲು ಪಂದ್ಯವೇ ಬೇಕಾಗಿಲ್ಲ, ಒಂದು ಸಂಜೆಯ ಅಭ್ಯಾಸ ಸಾಕು. ಅದನ್ನು ಕಲಿಸದೆ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸಿದ್ದು ತರಬೇತಿಯ ಲೋಪ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಅದೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಶಿಕ್ಷಕರಾಗಿದ್ದು ತರಬೇತುದಾರರಾದವರು. ಅವರ ಕೈಯಲ್ಲಿ ಪಳಗಿದ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅದು ದಿನನಿತ್ಯದ ಅಭ್ಯಾಸದಿಂದ ಬಂದ ಫಲ.

ಹಳೆಯ ವಿದ್ಯಾರ್ಥಿ, ಕಲಬುರಗಿ

ಸರ್, ರಹೀಮ್ ಸಾಹೇಬರ ಹೆಸರನ್ನು ನೀವೇ ತೆಗೆದದ್ದು ಒಳ್ಳೆಯದಾಯಿತು. ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳದೆ ತಕ್ಷಣ ಪಾಸ್ ಮಾಡುವುದು ರೂಢಿಯಾಗಲೆಂದು ಅವರು ಡ್ರಿಬಲ್ ಮಾಡುವಂತಿಲ್ಲ ಎಂಬ ಷರತ್ತಿನ ಟೂರ್ನಿಗಳನ್ನೇ ನಡೆಸಿದರು. ಅಭ್ಯಾಸದಲ್ಲಿ ಕಲಿತದ್ದು ಪಂದ್ಯದಲ್ಲಿ ಮಾತ್ರ ಮೈಗೂಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ನಾಕೌಟ್ ಪದ್ಧತಿಯ ಲೆಕ್ಕ ನೋಡಿ. 16 ತಂಡಗಳು ಸೇರಿದರೆ ನಡೆಯುವುದು 15 ಪಂದ್ಯ, ಮತ್ತು ಎಂಟು ತಂಡಗಳ ವರ್ಷ ಮೊದಲ ಪಂದ್ಯಕ್ಕೇ ಮುಗಿಯುತ್ತದೆ. ಹೊಸದಾಗಿ ಕಲಿಯುತ್ತಿರುವ, ಹೆಚ್ಚು ಆಡಲೇಬೇಕಾದ ತಂಡಗಳೇ ಮೊದಲು ಮನೆಗೆ ಹೋಗುತ್ತವೆ. ಎಂಟೇ ಕಾಲೇಜುಗಳು ಸೇರಿ, ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಂದಿಗೆ ಒಮ್ಮೆ ಆಡುವ ಲೀಗ್ ಆಡಿದರೆ 28 ಪಂದ್ಯಗಳಾಗುತ್ತವೆ, ಪ್ರತಿ ತಂಡಕ್ಕೂ ಏಳು ಸಿಗುತ್ತವೆ. ಮೂರನೆಯ ಪಂದ್ಯದಲ್ಲಿ ಮಾಡಿದ ತಪ್ಪನ್ನು ನಾಲ್ಕನೆಯದರಲ್ಲಿ ತಿದ್ದಿಕೊಳ್ಳಬಹುದು. ನವೆಂಬರ್ ಕೊನೆಯಿಂದ ಏಳು ಭಾನುವಾರ, ಎರಡು ಮೈದಾನಗಳಿದ್ದರೆ ಸಾಕು.

ತಂಡದ ಗೋಲ್‌ಕೀಪರ್

ತಪ್ಪು ನನ್ನದೇ, ಅದಕ್ಕಾಗಿ ತಂಡದ ಕ್ಷಮೆ ಕೇಳಿದ್ದೇನೆ. ನಿಯಮವನ್ನು ನಮ್ಮ ಸರ್ ಹೇಳಿದ್ದರು, ಆದ್ದರಿಂದ ದಯವಿಟ್ಟು ಅವರನ್ನು ದೂರಬೇಡಿ. ಆದರೆ ಅಭ್ಯಾಸದಲ್ಲಿ ಯಾರೂ ನನ್ನ ಮೇಲೆ ಓಡಿಬರುತ್ತಿರಲಿಲ್ಲ. ಅಂದು ಎದುರಾಳಿ ನಾಲ್ಕು ಹೆಜ್ಜೆ ದೂರದಲ್ಲಿದ್ದ, ಚೆಂಡು ಪುಟಿದಾಗ ಕೈ ತಾನಾಗಿಯೇ ಮುಂದೆ ಹೋಯಿತು.

ಆಟಗಾರನ ತಂದೆ, ಜೇವರ್ಗಿ ತಾಲ್ಲೂಕು

ತಮ್ಮಾ, ನೀನು ಕ್ಷಮೆ ಕೇಳುವ ಅಗತ್ಯವಿಲ್ಲ. ನಮ್ಮ ಹುಡುಗರನ್ನು ಸೆಮಿಫೈನಲ್‌ವರೆಗೆ ತಂದವರಲ್ಲಿ ನೀನೂ ಒಬ್ಬ.

ಲೀಗ್ ಬಗ್ಗೆ ಒಂದು ಮಾತು ಹೇಳಬೇಕು. ಡಿಸೆಂಬರ್, ಜನವರಿ ಎಂದರೆ ನಮ್ಮ ಕಡೆ ತೊಗರಿ ರಾಶಿಯ ಕಾಲ. ಕೂಲಿಯವರು ಸಿಗದ ಆ ದಿನಗಳಲ್ಲಿ ನನ್ನ ಮಗ ಶನಿವಾರ ಸಂಜೆ ಊರಿಗೆ ಬಂದು ಭಾನುವಾರವೆಲ್ಲ ಹೊಲದಲ್ಲಿರುತ್ತಾನೆ. ತಂಡದಲ್ಲಿ ಅವನಂತಹವರು ನಾಲ್ಕೈದು ಮಂದಿಯಾದರೂ ಇದ್ದಾರೆ. ಏಳು ಭಾನುವಾರ ಮೈದಾನಕ್ಕೆ ಕೊಡಿ ಎಂದರೆ ಒಕ್ಕಲುತನದ ಮನೆಗಳು ಹುಡುಗರನ್ನು ಆಟದಿಂದಲೇ ಬಿಡಿಸುತ್ತವೆ. ಬಸ್ ಖರ್ಚನ್ನೂ, ಪಂದ್ಯದ ದಿನದ ಊಟವನ್ನೂ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಬೇಕು.

ಬೀದರ್‌ನ ಮಾಜಿ ಆಟಗಾರ

ಜೇವರ್ಗಿಯ ಹಿರಿಯರ ಮಾತು ಸರಿಯಾಗಿದೆ. ಅದರ ಜೊತೆಗೆ, ಲೀಗ್ ಸಿದ್ಧವಾಗುವವರೆಗೆ ಕಾಯದೆ ಸೌಹಾರ್ದ ಪಂದ್ಯಗಳನ್ನು ಆರಂಭಿಸಬಹುದು. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡಿತು. ಸುಮಾರು 110 ಕಿಲೋಮೀಟರ್ ಪ್ರಯಾಣಕ್ಕೆ ಬಾಡಿಗೆ ವಾಹನ ಮಾಡಬೇಕಾಗಿಲ್ಲ.

ಹಳೆಯ ವಿದ್ಯಾರ್ಥಿ, ಕಲಬುರಗಿ

ರಾಶಿಯ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ ಕಾಕಾ, ನನ್ನ ವೇಳಾಪಟ್ಟಿ ತಪ್ಪು. ಸೆಪ್ಟೆಂಬರ್‌ನಲ್ಲಿ ಆರಂಭಿಸೋಣವೆಂದರೆ ಮಳೆಗೆ ನೆನೆದ ಎರೆಮಣ್ಣು ಬೂಟಿಗೆ ಮುದ್ದೆಯಾಗಿ ಮೆತ್ತಿಕೊಂಡು ಹುಡುಗರಿಗೆ ಕಾಲು ಎತ್ತಲೂ ಆಗುವುದಿಲ್ಲ; ಮಾರ್ಚ್ ನಂತರದ ಬಿಸಿಲನ್ನು ಹೇಳುವುದೇ ಬೇಡ. ಹಾಗಾಗಿ ಅಕ್ಟೋಬರ್ ಎರಡನೆಯ ವಾರದಿಂದ ನವೆಂಬರ್ ಕೊನೆಯವರೆಗಿನ ಅವಧಿಯೇ ಉಳಿಯುತ್ತದೆ. ದೀಪಾವಳಿಯ ವಾರ ಬಿಟ್ಟರೂ ಆರು ಭಾನುವಾರ ಸಿಗುತ್ತವೆ. ಎಂಟರ ಬದಲು ಆರು ತಂಡಗಳಾದರೆ 15 ಪಂದ್ಯಗಳು ಐದೇ ಭಾನುವಾರಗಳಲ್ಲಿ ಮುಗಿಯುತ್ತವೆ, ಪ್ರತಿ ತಂಡಕ್ಕೂ ಐದು ಪಂದ್ಯ. ಒಂದು ಭಾನುವಾರ ಮಳೆಗೆ ಹೋದರೂ ಇನ್ನೊಂದು ಕೈಯಲ್ಲಿರುತ್ತದೆ.

ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ

ಐದು ಪಂದ್ಯಗಳ ಲೀಗ್ ನಡೆಸಬಹುದು ಎನಿಸುತ್ತದೆ. ಆದರೂ ವರ್ಷವಿಡೀ ಅಭ್ಯಾಸವಿಲ್ಲದ ತಂಡ ಐದು ಪಂದ್ಯ ಆಡಿದರೆ ಐದು ಸಲ ಸೋಲುತ್ತದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಗೋಲ್‌ಕೀಪರ್ ಹೇಳಿದ ಆ ನಾಲ್ಕು ಹೆಜ್ಜೆಯ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ನಿಯಮವನ್ನು ಬಾಯಲ್ಲಿ ಹೇಳಿ ಬಿಡುವುದು ತರಬೇತಿಯಲ್ಲ. ಮೈಮೇಲೆ ಓಡಿಬರುವ ಆಟಗಾರನನ್ನು ಎದುರಿಗಿಟ್ಟೇ ಅದನ್ನು ಕಲಿಸಬೇಕು. ಶನಿವಾರ ಸಂಜೆ ಐದಕ್ಕೆ ನಾನು ಕಾಲೇಜು ಮೈದಾನಕ್ಕೆ ಬರುತ್ತೇನೆ. ಗೋಲ್‌ಕೀಪರ್ ಬರಲಿ, ಅವನಿಗೆ ಚೆಂಡು ಹಿಂದಕ್ಕೆ ಕೊಟ್ಟ ಡಿಫೆಂಡರ್ ಕೂಡ ಬರಲಿ.