ಮಿನ್ ನದಿಯ ಚಿತ್ರಗಳಲ್ಲಿ ಆಕಾಶ ಏಕೆ ಬರಿದಾಗಿದೆ?

ಪ್ರಶ್ನೆ (ಡೊಂಬಿವಲಿ, ಮುಂಬಯಿ)

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದಲ್ಲಿ 1837ರಲ್ಲಿ ಹುಟ್ಟಿದ ಛಾಯಾಗ್ರಾಹಕ ಜಾನ್ ಥಾಮ್ಸನ್ 1870–71ರಲ್ಲಿ ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತದಲ್ಲಿ ಸಂಚರಿಸಿ, ಫುಝೌ ಪಟ್ಟಣದಿಂದ ಮಿನ್ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಸಾಗುತ್ತ ತೆಗೆದ ಚಿತ್ರಗಳ ಬಗ್ಗೆ ಮುಂದಿನ ತಿಂಗಳು ನಮ್ಮ ಓದುಗರ ಬಳಗದಲ್ಲಿ ನಾನು ಮಾತನಾಡಬೇಕಿದೆ. ನದಿಯ ನಡುವೆ ಬಂಡೆಯ ಮೇಲೆ ನಿಂತ ಪುಟ್ಟ ಗುಡಿಯ ಚಿತ್ರವನ್ನು ನೋಡಿದಾಗಲೆಲ್ಲ ಮನಸ್ಸು ತಣ್ಣಗಾಗುತ್ತದೆ. ಆದರೆ ನಾನು ನೋಡಿದ ಬಹುಪಾಲು ಚಿತ್ರಗಳಲ್ಲಿ ಆಕಾಶದಲ್ಲಿ ಒಂದು ಮೋಡವೂ ಇಲ್ಲ, ನೀರು ಅಲೆಯಿಲ್ಲದೆ ಹಾಲು ಹರವಿದಂತಿದೆ, ಜನರ ಮುಖದಲ್ಲಿ ನಗುವಿಲ್ಲ. ಈ ನಿಶ್ಚಲತೆ ಆತ ಬಯಸಿ ತಂದದ್ದೇ, ಆ ಕಾಲದ ಸಲಕರಣೆಗಳ ಕಟ್ಟುಪಾಡೇ?

ಉತ್ತರ 1 (ಪುಣೆ)

ಮೇಡಂ, ಇಲ್ಲಿನ ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಬಹುಮಟ್ಟಿಗೆ ಅದು ರಸಾಯನದ ಕಟ್ಟುಪಾಡು. ಥಾಮ್ಸನ್ ಬಳಸಿದ್ದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಹಸಿ ಕೊಲೋಡಿಯನ್ ವಿಧಾನ. ಈಥರ್ ಮತ್ತು ಆಲ್ಕೋಹಾಲಿನಲ್ಲಿ ಗನ್‌ಕಾಟನ್ (ಆಮ್ಲಗಳಲ್ಲಿ ಸಂಸ್ಕರಿಸಿದ ಹತ್ತಿ) ಕರಗಿಸಿದ ಅಂಟು ದ್ರವವನ್ನು ಗಾಜಿನ ಮೇಲೆ ಸುರಿದು, ನಾಲ್ಕು ಮೂಲೆಗೂ ಸಮನಾಗಿ ಹರಿಸಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಆರುವ ಮೊದಲೇ ಡೆವಲಪ್ ಮಾಡಬೇಕು. ಇಷ್ಟಕ್ಕೆಲ್ಲ ಸಿಗುವುದು ಹತ್ತು ಹದಿನೈದು ನಿಮಿಷ ಮಾತ್ರ. ಆದ್ದರಿಂದ ಆತ ಹೋದಲ್ಲೆಲ್ಲ ಕತ್ತಲ ಡೇರೆಯೂ ಗಾಜಿನ ಫಲಕಗಳೂ ಸೀಸೆಗಳೂ ಕೂಲಿಯಾಳುಗಳ ಹೆಗಲೇರಿ ಹೋಗಬೇಕಿತ್ತು.

ಆ ಲೇಪಕ್ಕೆ ನೀಲಿ ಬೆಳಕು ಬಲು ಬೇಗ ನಾಟುತ್ತದೆ, ಹಸಿರು ಬಹಳ ನಿಧಾನ. ಗುಡ್ಡದ ಮರಗಳು ಮೂಡುವಷ್ಟು ಹೊತ್ತು ಲೆನ್ಸ್ ತೆರೆದಿಟ್ಟರೆ, ಅಷ್ಟರಲ್ಲಿ ಆಕಾಶ ಮೋಡಗಳ ಸಮೇತ ಬೆಳ್ಳಗಾಗಿಬಿಡುತ್ತದೆ. ಆ ಕೆಲವು ಸೆಕೆಂಡುಗಳಲ್ಲಿ ಅಲೆಗಳು ಒಂದರ ಮೇಲೊಂದು ಬಿದ್ದು ನೀರು ನಯವಾಗುತ್ತದೆ. ಅಷ್ಟು ಹೊತ್ತು ನಗುವನ್ನು ಅಲುಗದಂತೆ ಹಿಡಿದಿಡುವುದು ಕಷ್ಟ. ದಯವಿಟ್ಟು ಆ ಬಿಗಿ ಮುಖಗಳನ್ನು ಚೀನೀಯರ ಸ್ವಭಾವವೆಂದು ಸಭೆಯಲ್ಲಿ ಹೇಳಬೇಡಿ. ಆದರೆ ಎಲ್ಲಿ ನಿಂತು ನೋಡಬೇಕೆಂಬ ಆಯ್ಕೆ ಆತನದೇ, ಗುಡಿಯ ಚಿತ್ರದ ಸೊಗಸಿರುವುದು ಅಲ್ಲಿ.

ಉತ್ತರ 2 (ಮಡಗಾಂವ್, ಗೋವಾ)

ಹಿರಿಯರ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಬಿಗುವಿಗೆಲ್ಲ ರಸಾಯನವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ನಾನ್‌ಕಿಂಗ್ ಒಪ್ಪಂದದಂತೆ ವಿದೇಶಿ ವ್ಯಾಪಾರಕ್ಕೆ ತೆರೆಯಬೇಕಾಗಿ ಬಂದ ಐದು ಬಂದರುಗಳಲ್ಲಿ ಫುಝೌ ಒಂದು. ಅಂಥ ನೆಲದಲ್ಲಿ ಕರಿಬಟ್ಟೆ ಹೊದ್ದು ಪೆಟ್ಟಿಗೆಯೊಳಗೆ ಇಣುಕುವ ಪರದೇಶಿಯನ್ನು ಜನ ಹೇಗೆ ನಂಬಿಯಾರು? ಚಿತ್ರ ತೆಗೆಸಿಕೊಂಡವರು ಕೆಲವೇ ವರ್ಷಗಳಲ್ಲಿ ಸಾಯುತ್ತಾರೆಂದು ಜನ ಹೆದರುತ್ತಿದ್ದರೆಂದು ಥಾಮ್ಸನ್ ತಾನೇ ಬರೆದಿದ್ದಾನೆ. ಪಕ್ಕದ ಗುವಾಂಗ್‌ಡಾಂಗ್ ಪ್ರಾಂತದ ಚಾವ್‌ಝೌನಲ್ಲಿ ಹಳೆಯ ಸೇತುವೆಯ ಚಿತ್ರವನ್ನು ಜನ ಸೇರುವ ಮೊದಲೇ ತೆಗೆಯಲೆಂದು ಬೆಳಿಗ್ಗೆ ಬೇಗ ಹೋದರೂ ಗುಂಪು ಕಲ್ಲು, ಕೆಸರು ಎಸೆಯಿತು; ಆತ ಕ್ಯಾಮೆರಾದೊಂದಿಗೆ ದೋಣಿಗೆ ಓಡಿ ಪಾರಾದ. ಆ ಚಿತ್ರ ಇಂದಿಗೂ ಉಳಿದಿದೆ. ಅದನ್ನು ಗುಡಿಯ ಚಿತ್ರದ ಪಕ್ಕದಲ್ಲೇ ತೋರಿಸಿ ಎಂದು ನನ್ನ ಕೋರಿಕೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸೇತುವೆಯ ಚಿತ್ರದಿಂದಲೇ ಮಾತು ಆರಂಭಿಸುತ್ತೇನೆ. ಇನ್ನೊಂದು ಸಂದೇಹ: ನದಿಯಲ್ಲೇ ಇದ್ದವನಿಗೆ ನೀರಿನ ಚಿಂತೆಯಂತೂ ಇರಲಿಲ್ಲವಲ್ಲವೇ?

ಉತ್ತರ 1 (ಪುಣೆ)

ಫಲಕ ತೊಳೆಯಲು ಹೊಳೆಯ ನೀರು ಸಾಕು. ಸಿಲ್ವರ್ ನೈಟ್ರೇಟ್ ಕರಗಿಸಲು ಮಾತ್ರ ಶುದ್ಧ ನೀರೇ ಬೇಕು. ಉಪ್ಪಿನಂಶವಿದ್ದರೆ ದ್ರಾವಣ ಮಜ್ಜಿಗೆಯಂತೆ ಕದಡಿ ಬೆಳ್ಳಿಯ ಅಂಶ ತಳಕ್ಕಿಳಿಯುತ್ತದೆ. ಚಿಟಿಕೆ ಉಪ್ಪು ಬೆರೆಸಿದ ಒಂದು ಲೋಟ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಎರಡು ಹನಿ ಹಾಕಿ ಇದನ್ನು ಸಭೆಯಲ್ಲೇ ತೋರಿಸಬಹುದು. ಕೈಗವಸು, ಕನ್ನಡಕ ಮರೆಯಬೇಡಿ, ಚರ್ಮಕ್ಕೆ ತಗುಲಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ.